ಮುಂದಿನ ಕಾಲದ ಸದ್ದು, ಮಾಮಾನ ಎಡಗಾಲು

ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟುಬುಕ್ಕು ಇತ್ತು. ಅದರ ರಟ್ಟಿನ ಮೇಲೆ ‘ಮುಂದಿನ ಕಾಲದ ಸದ್ದುಗಳು’ ಎಂದು ಮರಾಠಿಯಲ್ಲಿ ಬರೆದಿದ್ದೆ. ನಾಶಿಕದಲ್ಲಿ ಶಾಲೆ ಕಲಿತ ನನಗೆ ಕನ್ನಡ ಕಿವಿಗೆ ಮಾತ್ರ ಗೊತ್ತಿತ್ತು. ಕೈಗೆ ಬಂದದ್ದು ಬಹಳ ತಡವಾಗಿ, ಅದೂ ಅವ್ವ ಬೆನ್ನುಹತ್ತಿ ಕಲಿಸಿದ ಮೇಲೆ. ಹಾಡು ಕೇಳುವಾಗ ಯಾವ ಸದ್ದು ‘ಇದು ಇವತ್ತಿನದಲ್ಲ, ನಾಳೆಯದು’ ಅನ್ನಿಸುತ್ತದೋ ಅದನ್ನು ಆ ಬುಕ್ಕಿನಲ್ಲಿ ಬರೆದಿಡುವುದು ನನ್ನ ಹುಚ್ಚು. ಹದಿನಾಲ್ಕನೇ ವಯಸ್ಸಿಗೆ ಹಿಡಿದದ್ದು, ನೌಕರಿ ಸೇರಿದ ಮೇಲೂ ಬಿಟ್ಟಿರಲಿಲ್ಲ.

ಮೊದಲ ಸದ್ದು ಸಿಕ್ಕಿದ್ದು ಆಟೊರಿಕ್ಷಾದಲ್ಲಿ. ಎರಡು ಸಾವಿರದ ಎರಡೋ ಮೂರೋ ಇಸವಿ ಇರಬೇಕು. ಡ್ರೈವರ್ ಹಾಕಿದ್ದ ಸಿನಿಮಾ ಹಾಡಿನಲ್ಲಿ ಗಾಯಕನ ದನಿ ಇದ್ದಕ್ಕಿದ್ದಂತೆ ಯಂತ್ರದ್ದಾಯಿತು. ನಮ್ಮ ಮನೆಯಲ್ಲಿ ಹಾಡು ಎಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುವುದು. ಈ ದನಿ ಜಾರಲಿಲ್ಲ, ಮೆಟ್ಟಿಲು ಹತ್ತಿತು. ಮೆಟ್ಟಿಲಿಗೂ ಮೆಟ್ಟಿಲಿಗೂ ನಡುವೆ ಏನೂ ಇರಲಿಲ್ಲ. ನನ್ನ ಮೈ ಜುಮ್ಮೆಂದಿತು. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಬರೆದಿಟ್ಟೆ. ಎರಡು ವರ್ಷದೊಳಗೆ ಗಣಪತಿ ಮಂಡಳಗಳ ಲೌಡ್‌ಸ್ಪೀಕರುಗಳೆಲ್ಲ ಅದೇ ದನಿಯಲ್ಲಿ ಮೆಟ್ಟಿಲು ಹತ್ತತೊಡಗಿದವು. ನಾನು ಆ ಸಾಲಿನ ಮೇಲೆ ಅಡ್ಡಗೆರೆ ಎಳೆದೆ.

ಎರಡನೆಯದು ನಮ್ಮ ಓಣಿಯ ಬ್ಯಾಂಜೊ ಪಾರ್ಟಿಯದು. ಮದುವೆ ಮೆರವಣಿಗೆಗೆ ಬಾರಿಸುವವರು ಅವರು. ಬ್ಯಾಂಜೊದ ತಂತಿಯಿಂದ ಒಂದು ವೈರು ಹೊರಟು ಪುಟ್ಟ ಡಬ್ಬಿಯೊಳಗೆ ಹೋಗುತ್ತಿತ್ತು. ಒಮ್ಮೆ ಮೀಟಿದ್ದು ಆ ಡಬ್ಬಿಯಿಂದ ನಾಲ್ಕು ಸಲ, ಐದು ಸಲ ಮರಳಿ ಬರುತ್ತಿತ್ತು. ಬಾರಿಸುವವನು ಕೈ ಎತ್ತಿ ಬೀಡಿ ಹಚ್ಚಿಕೊಂಡರೂ ಬ್ಯಾಂಜೊ ಇನ್ನೂ ಮಾತಾಡುತ್ತಲೇ ಇರುತ್ತಿತ್ತು. ಅದನ್ನೂ ಬರೆದೆ, ಕೆಲವು ವರ್ಷದಲ್ಲಿ ಅದಕ್ಕೂ ಅಡ್ಡಗೆರೆ ಬಿತ್ತು. ಮುಂದಿನ ಕಾಲಕ್ಕೆ ಮುಪ್ಪು ಬಲು ಬೇಗ ಬರುತ್ತದೆ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ಡಿಪ್ಲೊಮಾ ಓದುವಾಗ ಗೆಳತಿಯೊಬ್ಬಳು ಒಂದು ಸಿ.ಡಿ. ಕೊಟ್ಟಳು. ಯಾವುದೋ ದೇಶದ ಪ್ರಯೋಗದ ಸಂಗೀತ. ಅದರಲ್ಲಿ ಪದವಿಲ್ಲ, ತಾಳವಿಲ್ಲ, ರಾಗವೂ ಇಲ್ಲ. ಇಪ್ಪತ್ತು ನಿಮಿಷ ಒಂದು ಗುಂಯ್ ಎನ್ನುವ ಸದ್ದು ನಿಧಾನವಾಗಿ ಬಣ್ಣ ಬದಲಿಸುತ್ತಿತ್ತು. ನನಗೆ ಹೆದರಿಕೆಯಾಯಿತು, ಹೆದರಿಕೆ ಯಾಕೆ ಎಂದು ಯೋಚಿಸಿದೆ. ಯಾವ ಹಾಡು ಕೇಳಿದರೂ ಕಣ್ಣೆದುರು ಒಬ್ಬ ಮನುಷ್ಯ ಬರುತ್ತಾನೆ: ಬೆರಳು, ಬಾಯಿ, ಬಡಿಯುವ ಕೋಲು. ಇದರಲ್ಲಿ ಯಾರೂ ಬರಲಿಲ್ಲ. ಸದ್ದು ಎಲ್ಲಿ ಹುಟ್ಟಿತು ಎಂದೇ ತಿಳಿಯಲಿಲ್ಲ. ಆ ದಿನ ನೋಟುಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ಬರೆದೆ: ಯಾವ ಸದ್ದಿಗೆ ಮೈ ಇಲ್ಲವೋ, ಉಸಿರಿಲ್ಲವೋ, ಅದು ಮುಂದಿನ ಕಾಲದ್ದು. ಈ ಸಾಲಿಗೆ ಎಂದೂ ಅಡ್ಡಗೆರೆ ಬೀಳುವುದಿಲ್ಲ ಎಂದು ನನಗೆ ಭಾರಿ ಜಂಬ.

ಇಷ್ಟು ಜಂಬದವಳು ಬೆಳೆದದ್ದು ಮಾತ್ರ ಉಸಿರಿನ ಸಂಗೀತದ ಮನೆಯಲ್ಲಿ. ಅಪ್ಪ ಬ್ಯಾಂಕಿನವರು, ಕಲಬುರಗಿಯಿಂದ ನಾಶಿಕಕ್ಕೆ ವರ್ಗವಾಗಿ ಬಂದವರು. ಅವ್ವ ವಚನ ಹಾಡುತ್ತಿದ್ದಳು. ಅವಳಿಗೆ ಹಾಡು ಕಲಿಸಿದವನು ಅವಳ ಅಣ್ಣ, ನನ್ನ ಸೋದರಮಾವ. ಮಾಮಾ ನಾಟಕ ಕಂಪನಿಗಳಲ್ಲಿ ಕಾಲುಪೇಟಿ ಬಾರಿಸಿದವನು. ಕಾಲುಪೇಟಿ ಎಂದರೆ ಮೇಜಿನೆತ್ತರದ ಹಾರ್ಮೋನಿಯಂ. ಅದರ ತಿದಿ ಕಾಲ ಬಳಿ ಇರುತ್ತದೆ. ಬಲಗಾಲು ಎಡಗಾಲು ಒಂದಾದ ಮೇಲೊಂದು ತುಳಿಯುತ್ತಿದ್ದರೆ ಗಾಳಿ ತುಂಬುತ್ತದೆ, ಎರಡೂ ಕೈ ಸ್ವರದ ಮನೆಗಳ ಮೇಲೆ ಆಡುತ್ತವೆ. ಕೊನೆಯ ಕಂಪನಿ ಮುಚ್ಚಿದ ಮೇಲೆ ಆ ಪೇಟಿ ಅಲ್ಲೇ ಎಲ್ಲೋ ಗೆದ್ದಲಿಗೆ ಹೋಯಿತು. ಮದುವೆ ಮಾಡಿಕೊಳ್ಳದ ಮಾಮಾ ಒಂದು ಟ್ರಂಕು ಹಿಡಿದು ತಂಗಿಯ ಮನೆಗೆ ಬಂದ, ಕೈಯಲ್ಲಿ ಬಾರಿಸುವ ಸಣ್ಣ ಪೇಟಿಗೆ ಹೊಂದಿಕೊಂಡ.

ಪ್ರತಿ ಸೋಮವಾರ ಸಂಜೆ ನಮ್ಮ ಮನೆಯಲ್ಲಿ ಭಜನೆ. ಬೀದರ, ಕಲಬುರಗಿ ಕಡೆಯ ನಾಲ್ಕೈದು ಮನೆಯವರು ಬರುತ್ತಿದ್ದರು. ಅವ್ವ ಕಣ್ಣು ಮುಚ್ಚಿ ಹಾಡುವಳು. ಸಾಲಿನ ಕೊನೆಗೆ ಅವಳಿಗೆ ಉಸಿರು ಬೇಕಾಗುವ ಸ್ವಲ್ಪ ಮುಂಚೆಯೇ ಮಾಮಾನ ಎಡಗೈ ತಿದಿಯನ್ನು ಹಗುರಾಗಿ ಬಿಡುತ್ತಿತ್ತು. ಪೇಟಿಯ ದನಿ ಕೊಂಚ ತಗ್ಗುತ್ತಿತ್ತು, ಆ ತಗ್ಗಿನಲ್ಲಿ ಅವ್ವ ಉಸಿರು ತೆಗೆದುಕೊಳ್ಳುತ್ತಿದ್ದಳು. ಕೇಳುವವರಿಗೆ ಹಾಡು ಎಲ್ಲೂ ಕಡಿದಂತೆ ಅನ್ನಿಸುತ್ತಿರಲಿಲ್ಲ. ಮಾಮಾ ಅವಳನ್ನು ‘ಉಸಿರುಗಳ್ಳಿ’ ಎಂದು ಕಾಡುತ್ತಿದ್ದ.

ಅಪ್ಪನಿಗೆ ಮತ್ತೆ ವರ್ಗವಾಗಿ ನಾವು ಇಂದಿನ ಛತ್ರಪತಿ ಸಂಭಾಜಿನಗರಕ್ಕೆ, ಆಗಿನ ಔರಂಗಾಬಾದಿಗೆ ಬಂದೆವು. ಅಲ್ಲಿನ ಕನ್ನಡ ಸಂಘದವರ ಜೊತೆ ಸೋಮವಾರದ ಭಜನೆ ಮುಂದುವರಿಯಿತು. ನನಗೆ ವಾಳೂಜಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಗಾಡಿಗಳ ಮೀಟರ್ ಫಲಕ ಪರೀಕ್ಷಿಸುವುದು. ಹಳೆಯ ಗಾಡಿಯಲ್ಲಿ ತಿರುವಿನ ದೀಪ ಹಾಕಿದರೆ ಒಳಗಿನ ರಿಲೇ ಎಂಬ ಸ್ವಿಚ್ಚು ತಾನೇ ಟಿಕ್ ಟಿಕ್ ಅನ್ನುತ್ತಿತ್ತು. ಹೊಸ ಫಲಕದಲ್ಲಿ ರಿಲೇಯೇ ಇಲ್ಲ. ಆದರೂ ಟಿಕ್ ಟಿಕ್ ಕೇಳದಿದ್ದರೆ ಡ್ರೈವರ್ ದೀಪ ಹತ್ತಿಲ್ಲ ಅಂದುಕೊಳ್ಳುತ್ತಾನೆ. ಅದಕ್ಕಾಗಿ ಪುಟ್ಟ ಸ್ಪೀಕರಿನಿಂದ ಸುಳ್ಳು ಟಿಕ್ ಟಿಕ್ ಬಾರಿಸುತ್ತೇವೆ. ದಿನಕ್ಕೆ ನೂರಾರು ಸಲ ಆ ಸುಳ್ಳನ್ನು ಕೇಳಿ ಪಾಸು ಮಾಡುವವಳು ನಾನೇ. ಇದರಲ್ಲಿ ನನ್ನ ನೋಟುಬುಕ್ಕಿಗೆ ಒಂದು ಪಾಠವಿದೆ ಎಂದು ಆಗ ಹೊಳೆಯಲಿಲ್ಲ, ಬರೀ ನಗು ಬರುತ್ತಿತ್ತು.

ಔರಂಗಾಬಾದಿಗೆ ಬಂದವರಿಗೆ ಒಂದು ಕಟ್ಟಲೆ ಇದೆ. ಊರಿನಿಂದ ಯಾವ ನೆಂಟರು ಬಂದರೂ ದೌಲತಾಬಾದಿನ ಕೋಟೆ ತೋರಿಸಲೇಬೇಕು. ನಾವು ಅದನ್ನು ಎಷ್ಟು ಸಲ ಹತ್ತಿದ್ದೇವೋ ಲೆಕ್ಕವಿಲ್ಲ. ಒಂದು ಸಲ ಬೀದರದ ನೆಂಟರನ್ನು ಕರೆದೊಯ್ದಾಗ ಕೋಟೆಯ ಕತ್ತಲೆ ದಾರಿಯಲ್ಲಿ ಬಾವಲಿಯೊಂದು ಮಾಮಾನ ಮುಖದ ಹತ್ತಿರ ಹಾರಿತು. ಮಾಮಾ ಹಿಂದೆ ಸರಿದ, ಮೆಟ್ಟಿಲು ತಪ್ಪಿದ, ಎಡಗೈ ಊರಿ ಬಿದ್ದ. ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಅದು ಸೊಟ್ಟಗೇ ಉಳಿಯಿತು. ಊಟ, ಸ್ನಾನ ಎಲ್ಲ ನಡೆಯುತ್ತಿತ್ತು, ತಿದಿ ಒತ್ತುವ ಬಲ ಮಾತ್ರ ಮರಳಲಿಲ್ಲ.

ಸೋಮವಾರದ ಭಜನೆ ನಿಂತಿತು. ಕನ್ನಡ ಸಂಘದ ಇನ್ನೊಬ್ಬರು ಪೇಟಿ ಹಿಡಿದು ಬಂದರು, ಒಳ್ಳೆಯ ಕೈ ಅವರದು. ಅವ್ವ ಎರಡನೇ ಸಾಲಿನಲ್ಲೇ ಉಸಿರು ಸಾಲದೆ ನಿಂತಳು. ಮತ್ತೆ ಶುರುಮಾಡಿದಳು, ಮತ್ತೆ ನಿಂತಳು. ಅಂದಿನಿಂದ ಗಂಟಲು ಸರಿ ಇಲ್ಲ ಎಂದು ಹೇಳತೊಡಗಿದಳು. ಅದು ಸುಳ್ಳೆಂದು ನನಗೆ ಗೊತ್ತಿತ್ತು, ಏಕೆಂದರೆ ನಮ್ಮ ಕೆಲಸದವಳನ್ನು ಕೂಗುವಾಗ ಆ ಗಂಟಲಿಗೆ ಏನೂ ಆಗಿರುತ್ತಿರಲಿಲ್ಲ. ಆದರೆ ರೊಟ್ಟಿ ಬಡಿಯುವಾಗ ಗುನುಗುವುದನ್ನೂ ಬಿಟ್ಟಳು. ಒಂದು ದಿನ ಮಾಮಾ ನನಗೊಬ್ಬಳಿಗೇ ಹೇಳಿದ:

“ಮುರಿದದ್ದು ನನ್ನ ಕೈ ಅಲ್ಲವ್ವ. ನಿನ್ನ ಅವ್ವನ ಹಾಡ ಮುರೀತು.”

ಆ ಮಾತು ನನಗೆ ತಡೆಯಲಾಗಲಿಲ್ಲ. ಅವ್ವ ಹಾಡದ ಮನೆಯಲ್ಲಿ ಇದ್ದು ನನಗೆ ಗೊತ್ತೇ ಇರಲಿಲ್ಲ. ಹೇಗಾದರೂ ಇವರಿಬ್ಬರನ್ನು ಮತ್ತೆ ಒಟ್ಟಿಗೆ ಕೂರಿಸಬೇಕು ಎಂದು ಹಟ ಹಿಡಿದೆ. ನನ್ನ ಹತ್ತಿರ ಒಂದು ಕೀಬೋರ್ಡ್ ಇತ್ತು, ನಾಶಿಕದ ಬ್ಯಾಂಜೊ ಪಾರ್ಟಿಯವರು ದೊಡ್ಡದು ತರಿಸಿಕೊಂಡಾಗ ನನಗೆ ಬಿಟ್ಟುಕೊಟ್ಟದ್ದು. ಅದಕ್ಕೆ ತಿದಿ ಬೇಕಾಗಿಲ್ಲ, ಬಲಗೈ ಒಂದೇ ಸಾಕು. ಇಷ್ಟು ಸುಲಭದ ಉಪಾಯ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಹಿಗ್ಗಿದೆ. ಮಾಮಾನನ್ನು ಕೂರಿಸಿ ನನ್ನ ಪ್ರೀತಿಯ ಗುಂಯ್ ಸದ್ದು ಹಚ್ಚಿಕೊಟ್ಟೆ. ಅವನು ಒಂದು ಮನೆ ಒತ್ತಿ ಹಾಗೇ ಹಿಡಿದ. ಒಂದು ನಿಮಿಷವಾದರೂ ಸದ್ದು ಕದಲಲಿಲ್ಲ. ಕೈ ತೆಗೆದ.

“ಇದು ಉಸಿರೇ ತಗೊಳ್ಳಂಗಿಲ್ಲಲ್ಲ.”

“ಅದಕ್ಕೇ ಅಲ್ಲೇನ್ರಿ ಮಾಮಾ ಇದು ಛಲೋ ಇರೋದು. ಮುಂದಿನ ಕಾಲದ ಸದ್ದು ಇದು.”

“ಮುಂದಿನ ಕಾಲದಾಗ ಮಂದಿ ಉಸಿರಾಡಂಗಿಲ್ಲೇನು?”

“ಕುಣಿಲಾಕ ಬರದಾಕಿ ನೆಲ ಡೊಂಕು ಅಂದ್ಳಂತ.” ಗಾದೆಯನ್ನು ಅವನೇ ನನಗೆ ಕಲಿಸಿದ್ದ, ಅವನಿಗೇ ತಿರುಗಿಸಿದೆ. ಮಾಮಾ ನಗಲಿಲ್ಲ. ಎಂಟು ದಿನ ನನ್ನ ಕೋಣೆಯ ಕಡೆ ಬರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ನನ್ನಂಥವಳಿಗೇ.

ನಂತರ ಒಂದು ಭಾನುವಾರ ಮಧ್ಯಾಹ್ನ ನಾನು ಮೇಜಿನ ಕೆಳಗೆ ತೂರಿ ವೈರು ಜೋಡಿಸುತ್ತಿದ್ದೆ. ಕೀಬೋರ್ಡಿನ ಜೊತೆಗೇ ಬಂದಿದ್ದ ಒಂದು ಪೆಡಲ್ ಅದು. ಪಾದದಿಂದ ಒತ್ತಿದರೆ ಸದ್ದು ದೊಡ್ಡದಾಗುತ್ತದೆ, ಬಿಟ್ಟರೆ ಸಣ್ಣದಾಗುತ್ತದೆ. ಒಂದು ಹದಕ್ಕೆ ಒತ್ತಿಟ್ಟು ಸುಮ್ಮನಿರಬೇಕು. ವೈರು ಸರಿ ಕೂತಿದೆಯೋ ಇಲ್ಲವೋ ನೋಡಲು ಮೇಲೆ ಯಾರಾದರೂ ಒಂದು ಸ್ವರ ಒತ್ತಬೇಕಿತ್ತು. ಬಾಗಿಲ ಹತ್ತಿರ ಮಾಮಾನ ಧೋತರ ಕಂಡಿತು.

“ಮಾಮಾ, ಜರಾ ಕುಂತು ಏನರ ಬಾರಸ್ರಿ. ಚೆಕ್ ಮಾಡೂದದ.”

ಅವನು ಕೂತ. ನನಗೆ ಕೆಳಗಿನಿಂದ ಅವನ ಮುಖ ಕಾಣುತ್ತಿರಲಿಲ್ಲ, ಪಾದಗಳು ಮಾತ್ರ. ಬಲಪಾದ ಪೆಡಲಿನ ಮೇಲೆ ಹೋಯಿತು. ಮೇಲೆ ಕೈ ಒಂದು ಸ್ವರ ಹುಡುಕಿತು. ಬಲಪಾದ ಒತ್ತಿತು. ಅದು ಬಿಟ್ಟೊಡನೆ ಎಡಪಾದ ನೆಲ ಒತ್ತಿತು. ಬಲ, ಎಡ, ಬಲ, ಎಡ. ಎಷ್ಟೋ ವರ್ಷ ಕಾಲುಪೇಟಿ ತುಳಿದ ಪಾದಗಳಿಗೆ ಇದೂ ಒಂದು ತಿದಿಯೇ ಅನ್ನಿಸಿತ್ತು. ಒಂದು ಪಾದಕ್ಕೆ ಪೆಡಲ್ ಸಿಕ್ಕಿತ್ತು, ಇನ್ನೊಂದಕ್ಕೆ ಸಿಕ್ಕಿರಲಿಲ್ಲ. ಆದರೂ ಅದು ಬರಿ ಫರಸಿ ನೆಲವನ್ನು ನಂಬಿಕೆಯಿಂದ ತುಳಿಯುತ್ತಿತ್ತು.

“ಮಾಮಾ, ಹಂಗ ದಾಬಬ್ಯಾಡ್ರಿ, ಮುರೀತದ ಅದು,” ಎಂದು ಕೂಗಿದೆ. ನನ್ನ ಕನ್ನಡ ಸಿಟ್ಟಿನಲ್ಲಿ ಅರ್ಧ ಮರಾಠಿಯಾಗುತ್ತದೆ, ಒತ್ತುವುದು ದಾಬುವುದಾಗುತ್ತದೆ. ಅವನಿಗೆ ಕೇಳಲಿಲ್ಲ.

ಆಮೇಲೆ ನನಗೇ ಸದ್ದು ಕೇಳಿಸಿತು. ಬಲಗಾಲಿಗೆ ಸ್ವರ ಎಲ್ಲಿಂದಲೋ ಹುಟ್ಟಿ ತುಂಬಿ ಬರುತ್ತಿತ್ತು, ಎಡಗಾಲಿಗೆ ಆರಿ ಹೋಗುತ್ತಿತ್ತು. ಕಾಲುಪೇಟಿಯಲ್ಲಿ ಒಂದು ಪಾದ ಬಿಟ್ಟ ಗಾಳಿಯನ್ನು ಇನ್ನೊಂದು ತುಂಬಿಕೊಡುತ್ತದೆ. ಇಲ್ಲಿ ತುಂಬಿಕೊಡುವವರಿರಲಿಲ್ಲ, ಅರ್ಧ ಉಸಿರು ಖಾಲಿ. ಬೆರಳು ಮನೆಯನ್ನು ಒತ್ತಿದ ಗುರುತೇ ಸದ್ದಿನಲ್ಲಿ ಉಳಿದಿರಲಿಲ್ಲ, ಏಕೆಂದರೆ ಒತ್ತುವ ಹೊತ್ತಿಗೆ ದನಿ ಆರಿರುತ್ತಿತ್ತು, ತುಂಬುವ ಹೊತ್ತಿಗೆ ಬೆರಳು ಆಗಲೇ ಅಲ್ಲಿರುತ್ತಿತ್ತು. ಹುಟ್ಟು ಕಾಣದ ಸದ್ದು. ನಾನು ಹನ್ನೊಂದು ವರ್ಷ ನೋಟುಬುಕ್ಕಿನಲ್ಲಿ ಹುಡುಕಿದ್ದು ಇದನ್ನೇ. ಆದರೆ ಇದಕ್ಕೆ ಉಸಿರಿತ್ತು, ಆ ಉಸಿರು ಯಾರದೆಂದೂ ನನಗೆ ಗೊತ್ತಿತ್ತು. ಮೇಜಿನ ಕೆಳಗೆ ಕೂತವಳಿಗೆ ಕಣ್ಣು ತುಂಬಿ ಬಂತು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಹಿಟ್ಟಿನ ಕೈಯಲ್ಲೇ ಅವ್ವ ಬಾಗಿಲಿಗೆ ಬಂದಳು. ಸ್ವಲ್ಪ ಹೊತ್ತು ಕೇಳಿದಳು, ಮಾಮಾನ ಎಡಗಾಲು ನೋಡಿದಳು.

“ಅಣ್ಣಾ, ಕರಿ ಎರಡಕ್ಕ ತಗೋ,” ಅಂದಳು. ಎರಡನೇ ಕರಿ ಮನೆ, ಅದು ಅವಳು ಹಾಡುವ ಶ್ರುತಿ. ಒಂದೇ ಒಂದು ಸಾಲು ಹಾಡಿದಳು, ಸಾಲಿನ ಕೊನೆಗೆ ಎಡಗಾಲು ನೆಲ ತುಳಿದಾಗ ಉಸಿರು ತೆಗೆದುಕೊಂಡಳು. ರೊಟ್ಟಿ ಹೆಂಚಿನ ಮೇಲೆ ಕರಕಲಾಯಿತು. ಅಪ್ಪ ಅದನ್ನೇ ತಿಂದರು.

ಇಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಬಸವ ಜಯಂತಿಗೆ ಸಂಘದ ಕಾರ್ಯಕ್ರಮದಲ್ಲಿ ಅವ್ವ ಹಾಡುವುದೆಂದು ಗೊತ್ತಾಯಿತು. ಎಪ್ಪತ್ತು ದಾಟಿದವನು ಯಾಕೆ ತುಳಿಯಬೇಕು ಎಂದು ನಾನು ಲೆಕ್ಕ ಹಾಕಿದೆ. ಮಾಮಾ ಬಾರಿಸಿದ್ದನ್ನು ಕಂಪ್ಯೂಟರಿನಲ್ಲಿ ಹಿಡಿದುಕೊಂಡು, ಅವನ ಏರಿಳಿತವನ್ನು ಅಳೆದು, ಅದೇ ಗತಿಯಲ್ಲಿ ಸದ್ದು ತಾನೇ ಏರಿ ಇಳಿಯುವಂತೆ ಮಾಡಿದೆ. ಎರಡು ವಾರ ಕಾರ್ಖಾನೆಯಿಂದ ಬಂದ ಮೇಲೆ ಇದೇ ಕೆಲಸ. ಕೇಳಿದರೆ ಥೇಟ್ ಮಾಮಾನ ಕಾಲೇ. ಅವ್ವನನ್ನು ಕೂರಿಸಿದೆ. ಅವಳು ಮೂರನೇ ಸಾಲಿನಲ್ಲಿ ನಿಂತಳು. ಮುಖ ಸಣ್ಣದಾಯಿತು. ಆ ಮುಖ ನಾನು ಮೊದಲೂ ನೋಡಿದ್ದೆ.

“ಇದು ಬರೋಬರಿ ಅದ ಅವ್ವಾ, ಒಂದೇ ಗತಿ ಅದ,” ಎಂದೆ.

ಮಾಮಾ ಮಂಚದ ಮೇಲೆ ಕೂತು ಕೇಳುತ್ತಿದ್ದ. “ಅದೇ ತಪ್ಪವ್ವ. ನಿನ್ನ ಮಷೀನ್ ತನ್ನಷ್ಟಕ್ಕ ತಾ ಉಸಿರಾಡ್ತದ. ಅಕಿ ಉಸಿರು ಎಲ್ಲಿಗಿ ಬಂತು ಅಂತ ಕೇಳಂಗಿಲ್ಲ.” ಆಮೇಲೆ ನಗುತ್ತ ಸೇರಿಸಿದ, “ಹೊಸ ವೈದ್ಯನಕಿಂತ ಹಳೇ ರೋಗಿ ಮೇಲು. ಏಳು, ನಾ ಕೂಡ್ತೀನಿ.”

ಕುಣಿಯಲಾರದವಳ ಗಾದೆಗೆ ಇದು ಬಡ್ಡಿ ಸಮೇತ ಉತ್ತರ. ನಾನು ಎದ್ದು ಕುರ್ಚಿ ಬಿಟ್ಟೆ. ವಾಳೂಜಿನ ಸುಳ್ಳು ಟಿಕ್ ಟಿಕ್ ನೆನಪಾಯಿತು. ಗಾಡಿಯ ದೀಪಕ್ಕಾದರೆ ಸುಳ್ಳು ಸಾಕು, ಅವ್ವನಿಗೆ ಸಾಲದು ಅಂದುಕೊಂಡೆ.

ಬಸವ ಜಯಂತಿಯ ದಿನ ಬಿರುಬಿಸಿಲು. ಸಂಘದವರು ಒಂದು ಶಾಲೆಯ ಹಾಲ್ ತೆಗೆದುಕೊಂಡಿದ್ದರು, ಹಲಗೆ ಜೋಡಿಸಿದ ಸಣ್ಣ ವೇದಿಕೆ. ಸುಮಾರು ನೂರು ಜನ, ಜೊತೆಗೆ ಕೆಲವು ಮರಾಠಿ ನೆರೆಯವರು. ಸಂಜೆ ನಾಲ್ಕಕ್ಕೆ ಅವ್ವ ಮಾಮಾ ವೇದಿಕೆ ಹತ್ತಿದರು. ಕಚ್ಚೆ ಧೋತರ ಉಟ್ಟು, ಹೊಸ ಟೊಪ್ಪಿಗೆ ಹಾಕಿಕೊಂಡು ಕೀಬೋರ್ಡಿನ ಮುಂದೆ ಕೂತ ಮಾಮಾನನ್ನು ನೋಡಿ ಹುಡುಗರು ಕಿಸಕ್ಕೆಂದರು. ಸದ್ದು ತುಂಬಿ ಬಂದಾಗ ಸುಮ್ಮನಾದರು. ನನ್ನ ಪಕ್ಕದ ನೆರೆಯಾಕೆ ಮರಾಠಿಯಲ್ಲಿ ಕೇಳಿದಳು, ಇದು ಯಾವ ದೇಶದ ಹೊಸ ಸಂಗೀತ ಅಂತ. ನಾನು ಕಲಬುರಗಿಯದು ಎಂದೆ. ಅವಳು ನಂಬಲಿಲ್ಲ.

ಅವ್ವ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಎರಡನೇ ನುಡಿಗೆ ಬಂದಾಗ ಕರೆಂಟು ಹೋಯಿತು. ಆ ವರ್ಷಗಳಲ್ಲಿ ಲೋಡ್‌ಶೆಡ್ಡಿಂಗ್ ನಮಗೆ ಊಟದಷ್ಟೇ ನಿತ್ಯದ್ದು. ಎಲ್ಲದಕ್ಕೂ ಲೆಕ್ಕ ಹಾಕುವ ನಾನೇ ಅದೊಂದನ್ನು ಮರೆತಿದ್ದೆ. ಮೈಕು ಸತ್ತಿತು, ಕೀಬೋರ್ಡಿನ ದೀಪ ಆರಿತು, ಫ್ಯಾನುಗಳು ಒಂದೊಂದಾಗಿ ನಿಂತವು. ಅವಳು ಈಗ ನಿಲ್ಲುತ್ತಾಳೆ, ಇಷ್ಟು ಜನರ ಮುಂದೆ ನಿಂತರೆ ಮತ್ತೆಂದೂ ಹಾಡುವುದಿಲ್ಲ, ಇದನ್ನು ಮಾಡಿದವಳು ನಾನು ಅನ್ನಿಸಿತು.

ಅವಳು ನಿಲ್ಲಲಿಲ್ಲ. ಫ್ಯಾನಿನ ಸದ್ದೂ ಇಲ್ಲದ ಆ ಹಾಲಿನಲ್ಲಿ ಪೆಡಲಿನ ಕಿರ್ ಕೇಳಿಸಿತು, ಅದರ ಹಿಂದೆ ಹಲಗೆಯ ಮೇಲೆ ಬರಿಪಾದದ ಧಪ್. ಕಿರ್, ಧಪ್. ಮಾಮಾನ ಬೆರಳುಗಳು ಸತ್ತ ಮನೆಗಳ ಮೇಲೆ ಇನ್ನೂ ಆಡುತ್ತಿದ್ದವು, ಪಾದಗಳು ಇಲ್ಲದ ಗಾಳಿಯನ್ನು ತುಂಬುತ್ತಿದ್ದವು. ಸಾಲಿನ ಕೊನೆ ಬಂತು. ಧಪ್ ಅಂದಿತು. ಅವ್ವ ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಏರಿದಳು. ಹೀಗೆ ಇಡೀ ನುಡಿ, ಅದರ ಮುಂದಿನ ನುಡಿಯೂ ಆಯಿತು. ನನ್ನ ಹುಚ್ಚಿನ ವರ್ಷಗಳಲ್ಲೆಲ್ಲ ಕೇಳಿದ ಸದ್ದುಗಳಲ್ಲಿ ಇಷ್ಟು ಹೊಸದನ್ನು ನಾನು ಕೇಳಿಲ್ಲ.

ಹಾಡು ಮುಗಿದು ಚಪ್ಪಾಳೆ ಬಿದ್ದು, ಎಲ್ಲರೂ ಪ್ರಸಾದಕ್ಕೆ ಎದ್ದ ಮೇಲೆ ಕರೆಂಟು ಬಂತು. ಕೀಬೋರ್ಡ್ ತಾನೇ ಹೊತ್ತಿಕೊಂಡು ಹುಟ್ಟಿನಿಂದಲೇ ಬಂದ ಪಿಯಾನೊ ಸದ್ದಿಗೆ ಮರಳಿತ್ತು. ನಾನು ವೈರು ಸುತ್ತುತ್ತ ವೇದಿಕೆಯ ಮೇಲೆಯೇ ಅವ್ವನ ಕ್ಷಮೆ ಕೇಳಿದೆ.

“ಯಾಕ?” ಅಂದಳು.

“ನಡುವ ಕರೆಂಟ್ ಹೋಯ್ತಲ್ಲ. ಕೀಬೋರ್ಡ್ ಬಂದಾತು.”

ಅವ್ವ ನನ್ನನ್ನೂ, ಬೆವರು ಒರೆಸಿಕೊಳ್ಳುತ್ತಿದ್ದ ಮಾಮಾನನ್ನೂ ನೋಡಿದಳು.

“ಕರೆಂಟ್ ಹೋಗಿತ್ತಾ? ಯಾವಾಗ?” ಅಂದಳು. “ನನಗ ಪೇಟಿ ಕೇಳಸ್ತಿತ್ತಲ್ಲ.”